ವರ್ಷಗಟ್ಟಲೆ ಮಳೆ-ಬಿಸಿಲಿಗೆ ನಿಂತ ಬೈಕ್: ಓಡಿಸೋದಾ, ಮಿಂಚಿಸೋದಾ, ಮಾರಿಬಿಡೋದಾ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಅಪ್ಪನ ಯೆಜ್ಡಿ ಕೊಟ್ಟಿಗೆ ಪಕ್ಕ ನಿಂತಿದೆ. ಅಣ್ಣ ಗಲ್ಫ್‌ಗೆ ಹೋಗುವಾಗ ಬಿಟ್ಟುಹೋದ ಸ್ಪ್ಲೆಂಡರ್ ನುಗ್ಗೆಮರದ ಕೆಳಗೆ ತುಕ್ಕು ಹಿಡಿಯುತ್ತಿದೆ. ಕಾಲೇಜು ದಿನಗಳ ಆರ್‌ಎಕ್ಸ್ 100 ಮೇಲೆ ಹೊದಿಸಿದ ಟಾರ್ಪಲ್ ಹರಿದು ಚಿಂದಿಯಾಗಿದೆ. ಈಗ ಏನು ಮಾಡೋದು? ಒಬ್ಬ ಮೆಕ್ಯಾನಿಕ್ "ಹದಿನೈದು ಸಾವಿರ ಕೊಡಿ, ರೆಡಿ ಮಾಡ್ತೀನಿ" ಅನ್ನುತ್ತಾನೆ. ಇನ್ನೊಬ್ಬ "ಸುಮ್ನೆ ಗುಜರಿಗೆ ಹಾಕಿ ಸಾರ್" ಅನ್ನುತ್ತಾನೆ. ಅಷ್ಟರಲ್ಲಿ ದಾರಿಯಲ್ಲಿ ಹೋಗುವ ಯಾರೋ ಗೇಟಿನ ಹತ್ತಿರ ನಿಂತು "ಕೊಡ್ತೀರಾ?" ಅಂತ ಕೇಳುತ್ತಾನೆ. ಮೂವರೂ ಅವರವರ ಲೆಕ್ಕದಲ್ಲಿ ಸರಿಯೇ. ನಿಮ್ಮ ಲೆಕ್ಕ ಯಾವುದು ಅನ್ನೋದು ಮುಖ್ಯ.

ತೀರ್ಮಾನಕ್ಕೆ ಬರುವವರೆಗೆ ಒಂದು ಕೆಲಸ ಮಾತ್ರ ಮಾಡಬೇಡಿ: ಹೊಸ ಬ್ಯಾಟರಿ ಹಾಕಿ, ಪೆಟ್ರೋಲ್ ಸುರಿದು ಕಿಕ್ ಹೊಡೆಯುವುದು. ಎಲ್ಲರಿಗೂ ಮೊದಲು ತೋಚುವುದು ಅದೇ. ಆದರೆ ಒಣಗಿದ ಸಿಲಿಂಡರ್ ಒಳಗೆ ತುಕ್ಕಿನ ಪುಡಿ ಇರುತ್ತದೆ. ನಾಲ್ಕು ಕಿಕ್‌ಗೆ ಪಿಸ್ಟನ್ ರಿಂಗ್ ಆ ಪುಡಿಯನ್ನು ಬೋರ್ (ಸಿಲಿಂಡರ್ ಒಳಗೋಡೆ) ತುಂಬ ಉಜ್ಜಿ ಗೀರು ಹಾಕುತ್ತದೆ. ಉಳಿಯಬಹುದಾಗಿದ್ದ ಬ್ಲಾಕ್ (ಸಿಲಿಂಡರ್ ಇರುವ ಭಾಗ) ಲೇತ್ ಅಂಗಡಿಗೆ ಹೋಗಬೇಕಾಗುತ್ತದೆ.

ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು, ಬೈಕ್ ಯಾಕೆ ಬೇಕು? ದಿನಾ ಓಡಾಡಲಿಕ್ಕಾ, ಭಾನುವಾರ ಒಂದು ಸುತ್ತು ಹೊಡೆಯಲಿಕ್ಕಾ, ಅಪ್ಪನದು ಅನ್ನುವ ಕಾರಣಕ್ಕಾ, ಇಲ್ಲ ದುಡ್ಡಿಗಾ? ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ. ನಾನು ನೋಡಿದ ಹಾಗೆ ದುಡ್ಡು ಪೋಲಾಗುವುದು ತುಕ್ಕಿನಿಂದಲ್ಲ. ದಿನಬಳಕೆಗೆ ಬೇಕಾದ ಬೈಕಿಗೆ ಪ್ರದರ್ಶನದ ಬೈಕಿನ ಖರ್ಚು ಮಾಡುವುದರಿಂದ.

ಎರಡನೆಯದು ಕಾಗದ. ಇದನ್ನು ಕೊನೆಗೆ ನೋಡುವವರೇ ಜಾಸ್ತಿ, ನೋಡಬೇಕಾದ್ದು ಸ್ಪ್ಯಾನರ್ ಹಿಡಿಯುವ ಮೊದಲು. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬೇಕು. ಗಾಡಿಯನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ತೋರಿಸಬೇಕು. ಶುಲ್ಕದ ಜೊತೆ ಹಸಿರು ತೆರಿಗೆ ಇದೆ, ತಡವಾಗಿದ್ದಕ್ಕೆ ಹೆಚ್ಚುವರಿ ಶುಲ್ಕ ಬೀಳಬಹುದು. ವರ್ಷಗಟ್ಟಲೆ ಬಿಟ್ಟಿದ್ದರೆ ಈ ಮೊತ್ತ ಬ್ಯಾಟರಿ, ಟೈರ್ ಖರ್ಚಿಗಿಂತ ಹೆಚ್ಚಾಗಬಹುದು. ಹಾಗಾಗಿ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. "ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಬ್ಯಾನ್" ಅನ್ನುವ ಮಾತು ದೆಹಲಿ ಸುತ್ತಮುತ್ತಲಿಗೆ ಸಂಬಂಧಿಸಿದ್ದು. ಅದನ್ನು ಕೇಳಿ ಇಲ್ಲಿ ಹೆದರಬೇಕಿಲ್ಲ.

ಕೆಎ ಸರಣಿ ಬರುವ ಮೊದಲಿನ ನಂಬರ್ ಇದ್ದರೆ ಇನ್ನೊಂದು ತೊಡಕು. ಆ ಕಾಲದ ದಾಖಲೆ ದಪ್ಪ ರಿಜಿಸ್ಟರ್‌ಗಳಲ್ಲಿ ಇತ್ತು. ಅದು ಸರ್ಕಾರದ ಆನ್‌ಲೈನ್ ದಾಖಲೆಯಾದ ವಾಹನ್ ಪೋರ್ಟಲ್‌ಗೆ ಏರಿದೆಯಾ ಅಂತ ನೋಡಬೇಕು. ಏರಿಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ (ಹಳೆ ದಾಖಲೆಯನ್ನು ಪೋರ್ಟಲ್‌ಗೆ ಏರಿಸುವುದು) ಮಾಡಿಸಬೇಕು, ಅದಕ್ಕೆ ಮೂಲ ಆರ್‌ಸಿ ಪುಸ್ತಕ ಕೈಯಲ್ಲಿರಬೇಕು. ಗಾಡಿ ತೀರಿಹೋದವರ ಹೆಸರಲ್ಲಿದ್ದರೆ ಹೆಸರು ಬದಲಾವಣೆಯ ಫಾರಂ 31, ಮರಣ ಪ್ರಮಾಣಪತ್ರ, ವಂಶವೃಕ್ಷ, ಜೊತೆಗೆ ಅಣ್ಣತಮ್ಮ-ಅಕ್ಕತಂಗಿಯರ ಒಪ್ಪಿಗೆ. ಕೊನೆಯದು ಸಲೀಸು ಅನ್ನಿಸಬಹುದು. ಅಪ್ಪನ ಬೈಕ್ ಮಳೆಯಲ್ಲಿ ನಿಂತಿದ್ದಾಗ ಕೇಳದವರು ಅದು ಮಿಂಚಲು ಶುರುವಾದ ಮೇಲೆ ಕೇಳುವುದುಂಟು. ಖರ್ಚು ಮಾಡುವ ಮೊದಲೇ ಸಹಿ ಹಾಕಿಸಿಕೊಳ್ಳಿ.

ಕಾಗದದ ಜೊತೆಗೇ ಚಾಸಿಸ್ ನಂಬರ್ ನೋಡಿ. ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಭಾಗದಲ್ಲಿ ಕೊರೆದಿರುತ್ತದೆ. ಹೊರಗೆ ನಿಂತ ಬೈಕಿನಲ್ಲಿ ಅಲ್ಲಿ ತುಕ್ಕು ಕಟ್ಟಿರುತ್ತದೆ. ಉಜ್ಜುಕಾಗದ ಹಾಕಬೇಡಿ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬಟ್ಟೆ ಅದ್ದಿ ಮೆಲ್ಲಗೆ ಒರೆಸಿ, ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿಗಳು ಮೂಡಿ, ಆರ್‌ಸಿಗೆ ತಾಳೆಯಾದರೆ ಮುಂದುವರಿಯಬಹುದು. ಮೂಡದಿದ್ದರೆ ಆ ಬೈಕ್ ಎಷ್ಟು ಚೆನ್ನಾಗಿ ಓಡಿದರೂ ರಸ್ತೆಗೆ ತರುವುದು ಕಷ್ಟ.

ಮೂರನೆಯದು ಇಂಜಿನ್ ತಿರುಗುತ್ತದೆಯಾ ಅನ್ನುವುದು. ಇದನ್ನು ನೀವೇ ನೋಡಬಹುದು, ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ ಒಂದಿದ್ದರೆ ಸಾಕು. ಪ್ಲಗ್ ಸುತ್ತ ಸೇರಿದ ಮಣ್ಣನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಒಳಗೆ ಬೀಳುತ್ತದೆ. ಪ್ಲಗ್ ಬಿಚ್ಚಿ ಎರಡು ಮೂರು ಚಮಚ ಇಂಜಿನ್ ಆಯಿಲ್‌ಗೆ ಅಷ್ಟೇ ಡೀಸೆಲ್ ಬೆರೆಸಿ ತೂತಿನೊಳಗೆ ಬಿಡಿ. ಎರಡು ದಿನ ಹಾಗೇ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಅಲ್ಲಾಡಿದರೆ ಸಮಾಧಾನ. ಅಲ್ಲಾಡದಿದ್ದರೆ ಇನ್ನೊಂದಿಷ್ಟು ಎಣ್ಣೆ, ಇನ್ನೊಂದು ವಾರ. ಬಲ ಹಾಕಬೇಡಿ. ತಿರುಗಲು ಶುರುವಾದ ಮೇಲೆ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ತಿರುಗಿಸಿ ನೋಡಿ. ಗಾಳಿ ಬೆರಳನ್ನು ಹೊರಗೆ ತಳ್ಳಿದರೆ ಕಂಪ್ರೆಷನ್ ಅಷ್ಟೋ ಇಷ್ಟೋ ಉಳಿದಿದೆ ಅಂತ ಅರ್ಥ. ಸ್ಪ್ಲೆಂಡರ್ ತರಹದ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಒಂದು ವಾಲ್ವ್ ತೆರೆದ ಸ್ಥಿತಿಯಲ್ಲೇ ನಿಂತಿರಬಹುದು, ಅದರ ಸೀಟಿಗೆ ತುಕ್ಕು ಹಿಡಿದಿರಬಹುದು. ಆಗ ಇಂಜಿನ್ ತಿರುಗಿದರೂ ಗಾಳಿ ಒತ್ತುವುದಿಲ್ಲ.

ಇಂಜಿನ್ ಕೆಳಗಿನ, ಆಯಿಲ್ ಇಳಿಸುವ ನಟ್ಟನ್ನೂ ಸ್ವಲ್ಪ ಸಡಿಲಿಸಿ ನೋಡಿ. ಕಪ್ಪಗೆ ಬಂದರೆ ಪರವಾಗಿಲ್ಲ. ಮೊದಲು ನೀರು ಬಂದರೆ, ಇಲ್ಲವೇ ಆಯಿಲ್ ಹಾಲು ಬೆರೆಸಿದ ಹಾಗೆ ಬಿಳುಪಾಗಿ ಬಂದರೆ, ಮಳೆನೀರು ಒಳಗೆ ಸೇರಿದೆ. ಆಗ ಬೇರಿಂಗ್‌ಗಳ ಆಸೆ ಬಿಟ್ಟು ಲೆಕ್ಕ ಹಾಕಿ.

ನಾಲ್ಕನೆಯದು ಬೈಕ್ ಎಲ್ಲಿ ನಿಂತಿತ್ತು ಅನ್ನುವುದು. ಚಿತ್ರದುರ್ಗ, ಬಳ್ಳಾರಿ ಕಡೆ ಬಿಸಿಲಿಗೆ ನಿಂತದ್ದರಲ್ಲಿ ಟೈರ್, ಸೀಟು, ವೈರ್, ರಬ್ಬರ್ ಎಲ್ಲ ಒಡೆದಿರುತ್ತವೆ. ಆದರೆ ಕಬ್ಬಿಣ ಉಳಿದಿರುತ್ತದೆ. ತೀರ್ಥಹಳ್ಳಿ, ಮಡಿಕೇರಿ ಕಡೆಯ ಮಳೆಗೆ ನಿಂತದ್ದು ಉಲ್ಟಾ: ಟ್ಯಾಂಕ್, ಸೈಲೆನ್ಸರ್, ಮಡ್‌ಗಾರ್ಡ್ ಒಳಗಿನಿಂದ ಕೊರೆದುಹೋಗಿರುತ್ತವೆ. ಕುಂದಾಪುರ, ಕಾರವಾರದ ಉಪ್ಪುಗಾಳಿ ಇವೆರಡಕ್ಕಿಂತ ಕೆಟ್ಟದ್ದು. ಅಲ್ಲಿ ಅಲ್ಯೂಮಿನಿಯಂ ಕೂಡ ಬಿಳಿ ಪುಡಿಯಾಗಿ ಏಳುತ್ತದೆ, ಸ್ಕ್ರೂಗಳು ಬಿಚ್ಚಲಿಕ್ಕೇ ಬರುವುದಿಲ್ಲ. ಪ್ಲಾಸ್ಟಿಕ್ ಟಾರ್ಪಲ್ ಬಿಗಿಯಾಗಿ ಹೊದಿಸಿ ಮಣ್ಣಿನ ಮೇಲೆ ನಿಲ್ಲಿಸಿದ್ದರೆ ಎಲ್ಲಾದರೂ ಕಷ್ಟವೇ. ನೆಲದ ತೇವ ಮೇಲೆದ್ದು ಒಳಗೇ ಉಳಿಯುತ್ತದೆ. ಹಾಗೆ ಮುಚ್ಚಿಟ್ಟ ಬೈಕಿಗಿಂತ ಬಯಲಿನಲ್ಲಿ ಗಾಳಿಯಾಡುತ್ತಾ ನಿಂತದ್ದು ಎಷ್ಟೋ ಸಲ ವಾಸಿ.

ಐದನೆಯದು ಸಾಮಾನು ಸಿಗುತ್ತದೆಯಾ ಅನ್ನುವುದು. ಅದು ಯಾವ ಬೈಕ್ ಅನ್ನುವುದರ ಮೇಲೆ ಹೋಗುತ್ತದೆ, ಕೊನೆಯಲ್ಲಿ ಬರುತ್ತೇನೆ.

ದಾರಿ ಒಂದು: ನಾವೇ ಕೈ ಹಾಕುವುದು

ಇಂಜಿನ್ ತಿರುಗುತ್ತಿದೆ, ಕಾಗದ ಇದೆ, ಆತುರ ಇಲ್ಲ. ಆಗ ಇದು ಒಳ್ಳೆಯ ದಾರಿ. ಸ್ಪ್ಲೆಂಡರ್, ಸಿಡಿ 100, ಪ್ಯಾಶನ್ ತರಹದ ಸರಳ ಕಾರ್ಬೊರೇಟರ್ ಗಾಡಿಗಳಿಗಂತೂ ಸರಿಯಾಗಿ ಹೊಂದುತ್ತದೆ. ಬ್ಯಾಟರಿ, ಪ್ಲಗ್, ಆಯಿಲ್, ಪೆಟ್ರೋಲ್ ಪೈಪ್, ಕೇಬಲ್‌ಗಳು, ಬ್ರೇಕ್ ಶೂ, ಎರಡು ಟೈರ್-ಟ್ಯೂಬ್, ಚೈನ್ ಸೆಟ್ ಇಷ್ಟನ್ನೂ ಹೊಸದಾಗಿ ಹಾಕಿದರೆ ನನ್ನ ಅಂದಾಜಿಗೆ ಏಳೆಂಟು ಸಾವಿರದಿಂದ ಹತ್ತು ಸಾವಿರದ ಒಳಗೆ. ಅದರಲ್ಲಿ ಅರ್ಧದಷ್ಟು ಟೈರಿಗೇ ಹೋಗುತ್ತದೆ. ಟೈರಿನ ಮೇಲಿನ ಗುಂಡಿ (ಹಿಡಿತದ ಉಬ್ಬು) ಉಳಿದಿದೆ ಅಂತ ಹಳೆ ಟೈರ್ ಇಟ್ಟುಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2314 ಅಂತಿದ್ದರೆ 2014ರ 23ನೇ ವಾರದ್ದು. ಬಗ್ಗಿಸಿದಾಗ ಸಣ್ಣ ಸೀಳು ಕಂಡರೆ ಅದರ ಕಥೆ ಮುಗಿಯಿತು.

ಇಲ್ಲಿ ನಿಜವಾದ ಕೆಲಸ ಇರುವುದು ಪೆಟ್ರೋಲ್ ದಾರಿಯಲ್ಲಿ. ಕಾರ್ಬೊರೇಟರ್ ಕೆಳಗಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಹಸಿರು-ಕಂದು ಬಣ್ಣದ ಅಂಟು ಕಾಣುತ್ತದೆ, ವಾರ್ನಿಷ್ ಡಬ್ಬಿ ತೆರೆದ ವಾಸನೆ ಬರುತ್ತದೆ. ಪೆಟ್ರೋಲ್ ಆರಿಹೋಗಿ ಉಳಿದದ್ದು ಅದು. ಪೆಟ್ರೋಲ್ ಒಳಬರುವುದನ್ನು ತಡೆಯುವ ಫ್ಲೋಟಿನ ಸೂಜಿ ಅಂಟಿಕೊಂಡಿರುತ್ತದೆ. ಎರಡು ಹಿತ್ತಾಳೆ ಜೆಟ್ ಇರುತ್ತವೆ, ಸಣ್ಣದು ಪೈಲಟ್ ಜೆಟ್. ಅದರ ತೂತು ಕೂದಲಿನಷ್ಟು. ಬಿಚ್ಚಿ ಬೆಳಕಿಗೆ ಹಿಡಿದರೆ ಒಂದು ಚುಕ್ಕೆ ಬೆಳಕು ದುಂಡಗೆ ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರ್ ಸ್ಪ್ರೇ ಹಾಕಿ ರಾತ್ರಿಯಿಡೀ ನೆನೆಸಿ, ಗಾಳಿ ಹೊಡೆಯಿರಿ. ಗುಂಡುಸೂಜಿ ಚುಚ್ಚಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಆಮೇಲೆ ಐಡಲ್ (ನಿಂತಲ್ಲೇ ಇಂಜಿನ್ ಓಡುವುದು) ಎಂದೂ ಸರಿ ಕೂರುವುದಿಲ್ಲ. "ಚೋಕ್ ಹಾಕಿದ್ರೆ ಮಾತ್ರ ಓಡುತ್ತೆ, ತೆಗೆದ್ರೆ ಆಫ್ ಆಗುತ್ತೆ" ಅನ್ನುವ ದೂರಿಗೆ ಮುಕ್ಕಾಲುಪಾಲು ಕಾರಣ ಈ ತೂತೇ.

ಟ್ಯಾಂಕ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಮೇಲೆ ಮೇಲೆ ಕೆಂಪಗಿದ್ದರೆ ವಿನೆಗರ್ ತುಂಬಿ ಒಂದೆರಡು ದಿನ ಇಟ್ಟು, ಒಳಗೆ ಹಿಡಿಯಷ್ಟು ಹಳೆ ನಟ್ಟು ಹಾಕಿ ಕುಲುಕಿ. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ತಕ್ಷಣ ಸ್ವಲ್ಪ ಆಯಿಲ್ ಹಾಕಿ ಒಳಗೆಲ್ಲ ಸವರುವಂತೆ ತಿರುಗಿಸಿ. ತೊಳೆದು ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಟಾಯ್ಲೆಟ್ ಕ್ಲೀನರ್ ಹಾಕುವವರಿದ್ದಾರೆ. ಅದರ ಆಸಿಡ್ ತುಕ್ಕಿನ ಜೊತೆ ಟ್ಯಾಂಕನ್ನೂ ತಿನ್ನುತ್ತದೆ. ತಳ ಈಗಾಗಲೇ ತೆಳ್ಳಗಾಗಿದ್ದರೆ ತೊಳೆದ ಮರುದಿನವೇ ಸೋರಲು ಶುರು. ಹಳೆ ಪೆಟ್ರೋಲ್ ಖಾಲಿ ಮಾಡುವ ಕೆಲಸ ಬಯಲಿನಲ್ಲಿರಲಿ, ಪಕ್ಕದಲ್ಲಿ ಒಲೆ, ಬೀಡಿ ಯಾವುದೂ ಬೇಡ.

ಈ ದಾರಿಯ ಕೊರತೆ ಏನು? ಸಮಯ. ಎರಡು ಭಾನುವಾರದ ಕೆಲಸ ಅಂದುಕೊಂಡದ್ದು ಎರಡು ತಿಂಗಳಾಗುತ್ತದೆ. ಇನ್ನೊಂದು, ಬ್ರೇಕ್ ಮತ್ತು ಸ್ಟೀರಿಂಗ್ ಕೆಲಸ ಗೊತ್ತಿಲ್ಲದಿದ್ದರೆ ಅಲ್ಲಿ ಪ್ರಯೋಗ ಬೇಡ. ಇಂಜಿನ್ ನೀವೇ ಸ್ಟಾರ್ಟ್ ಮಾಡಿ. ಚಕ್ರದ ಬೇರಿಂಗ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಬ್ರೇಕ್ ಮಾತ್ರ ಕೆಲಸ ಬಲ್ಲವರ ಕೈಯಲ್ಲಿ ಮಾಡಿಸಿ.

ದಾರಿ ಎರಡು: ಮೆಕ್ಯಾನಿಕ್‌ಗೆ ಕೊಟ್ಟು ಓಡುವಷ್ಟು ಮಾಡಿಸುವುದು

ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಬಣ್ಣ ಹೇಗಿದೆಯೋ ಹಾಗೇ ಇರಲಿ, ತುಕ್ಕು ಕಾಣಲಿ. ಇಂಜಿನ್, ಬ್ರೇಕ್, ಟೈರ್, ಲೈಟ್ ಸರಿಯಾಗಲಿ. ಒಂದು ಮಳೆಗಾಲ ಓಡಿಸಿ ನೋಡಿ. ಆಮೇಲೂ ಬೈಕ್ ಮೇಲೆ ಪ್ರೀತಿ ಉಳಿದಿದ್ದರೆ ಬಣ್ಣದ ಮಾತು.

ಮೆಕ್ಯಾನಿಕ್ ಆರಿಸುವಾಗ ಅಂಗಡಿ ದೊಡ್ಡದಾ ಅನ್ನುವುದಕ್ಕಿಂತ ಆ ಮಾಡೆಲ್ ಬಿಚ್ಚಿದವನಾ ಅನ್ನುವುದು ಮುಖ್ಯ. ಆರ್‌ಎಕ್ಸ್ 100, ಯೆಜ್ಡಿ ತರಹದ ಟೂ ಸ್ಟ್ರೋಕ್ ನೋಡೇ ಇಲ್ಲದ ಹುಡುಗರು ಈಗ ಬಹಳ ಶೋರೂಂಗಳಲ್ಲಿದ್ದಾರೆ, ಅದು ಅವರ ತಪ್ಪೂ ಅಲ್ಲ. ಹಳೆ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯ ಐವತ್ತು ದಾಟಿದ ಮೇಸ್ತ್ರಿ ಇಂಥದ್ದಕ್ಕೆ ವಾಸಿ. ಆದರೆ ಅವರ ಹತ್ತಿರ ಗಾಡಿ ಬಿಟ್ಟರೆ ಮೂಲೆ ಸೇರುವ ಭಯವೂ ಇದೆ. ದಿನಾ ಬರುವ ಪಂಕ್ಚರ್, ಆಯಿಲ್ ಚೇಂಜ್ ಕೆಲಸ ಅವರ ಅನ್ನ. ನಿಮ್ಮದು ಬಿಡುವಾದಾಗ ಮಾಡುವ ಕೆಲಸ. ಒಟ್ಟಿಗೆ ಮೊತ್ತ ಕೊಡಬೇಡಿ. ಹಂತ ಮಾಡಿಕೊಳ್ಳಿ: ಹೆಡ್-ಬ್ಲಾಕ್ ಬಿಚ್ಚಿ ತೋರಿಸಲಿಕ್ಕೆ ಇಷ್ಟು, ಇಂಜಿನ್ ಸ್ಟಾರ್ಟ್ ಆಗಿ ನಿಂತಲ್ಲೇ ಸರಿಯಾಗಿ ಓಡಿದಾಗ ಇಷ್ಟು, ರಸ್ತೆಗೆ ಬಂದಾಗ ಉಳಿದದ್ದು. ಬದಲಾಯಿಸಿದ ಹಳೆ ಸಾಮಾನು ಎಲ್ಲ ಒಂದು ಚೀಲದಲ್ಲಿ ವಾಪಸ್ ಬೇಕು ಅಂತ ಮೊದಲೇ ಹೇಳಿ.

ಖರ್ಚು ಎಲ್ಲಿಗೆ ಹೋಗುತ್ತದೆ ಅನ್ನುವುದು ಬ್ಲಾಕ್ ಬಿಚ್ಚಿದ ದಿನ ಗೊತ್ತಾಗುತ್ತದೆ. ಬೋರ್ ಒಳಗೆ ಬೆರಳಾಡಿಸಿದರೆ ಉಗುರಿಗೆ ಸಿಗುವಂಥ ಗುಂಡಿ ಇದ್ದರೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅವು ಸಾಮಾನ್ಯವಾಗಿ 0.25 ಮಿ.ಮೀ. ಮೆಟ್ಟಿಲಿನಲ್ಲಿ 1 ಮಿ.ಮೀ. ವರೆಗೆ ಸಿಗುತ್ತವೆ. ಆ ಬ್ಲಾಕ್ ಮೊದಲೇ ಕೊನೆಯ ಮೆಟ್ಟಿಲಿನವರೆಗೆ ಬೋರ್ ಆಗಿದ್ದರೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಬೇಕು, ಇಲ್ಲ ಹೊಸ ಬ್ಲಾಕ್ ಕಿಟ್ ತರಬೇಕು. ಸ್ಪ್ಲೆಂಡರ್‌ಗೆ ಕಿಟ್ಟೇ ಲಾಭ. ಯೆಜ್ಡಿಗಾದರೆ ಹಳೆ ಬ್ಲಾಕನ್ನೇ ಉಳಿಸಿಕೊಳ್ಳುವುದು ಜಾಣತನ.

ಟೂ ಸ್ಟ್ರೋಕ್ ಗಾಡಿಗೆ ಇನ್ನೊಂದು ಮಾತು ಸೇರಿಸಬೇಕು. ವರ್ಷಗಟ್ಟಲೆ ನಿಂತದ್ದರಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ಎರಡೂ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿ ಸೀಳಿರುತ್ತವೆ. ಕ್ಲಚ್ ಕಡೆಯದು ಹೋದರೆ ಇಂಜಿನ್ ಗೇರ್ ಆಯಿಲನ್ನು ಎಳೆದು ಸುಡುತ್ತದೆ. ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊಗೆ ಬರುವುದಿಲ್ಲ, ಬದಲಿಗೆ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಏರುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎರಡನೆಯದು ಅಪಾಯ, ಯಾಕೆಂದರೆ "ಹೊಗೆ ಇಲ್ಲ, ಸೂಪರ್" ಅಂತ ನಾವು ಖುಷಿಪಡುತ್ತಿರುತ್ತೇವೆ. ಸೀಲ್ ಅಗ್ಗ, ಕೂಲಿ ಜಾಸ್ತಿ. ಇಂಜಿನ್ ಇಳಿಸಿದಾಗಲೇ ಎರಡನ್ನೂ ಹಾಕಿಸಿಬಿಡಿ. ಆರ್‌ಎಕ್ಸ್ 100ರಲ್ಲಿ ಟೂಟಿ ಆಯಿಲಿಗೆ (ಪೆಟ್ರೋಲ್ ಜೊತೆ ಸುಡುವ ಆಯಿಲ್) ಬೇರೆ ಟ್ಯಾಂಕ್, ಪಂಪ್ ಇವೆ. ನಿಂತ ಗಾಡಿಯಲ್ಲಿ ಆ ಪೈಪ್ ಒಣಗಿ ಗಾಳಿ ತುಂಬಿರುತ್ತದೆ. ಪಂಪಿನ ಗಾಳಿ ತೆಗೆಯುವವರೆಗೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಬೇಕು, ಇಲ್ಲದಿದ್ದರೆ ಹೊಸ ಪಿಸ್ಟನ್ ಬೇಗನೇ ಕೈಕೊಡುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಹಳೆ ಕಾಲದ ರಬ್ಬರ್ ಪೈಪ್, ವಾಷರ್‌ಗಳು ಇದಕ್ಕೆ ಮಾಡಿದವಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪೈಪ್, ಟ್ಯಾಪಿನ ವಾಷರ್, ಫ್ಲೋಟಿನ ಸೂಜಿ ಹೊಸದು ಹಾಕಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ಒಟ್ಟು ಎಷ್ಟು? ಬ್ಲಾಕ್ ಕೆಲಸ ಸೇರಿ ನೂರು ಸಿಸಿ ಗಾಡಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರ ಇಟ್ಟುಕೊಳ್ಳಿ. ಬುಲೆಟ್, ಯೆಜ್ಡಿಗೆ ಅದರ ಎರಡರಷ್ಟು ಆದರೂ ಆಶ್ಚರ್ಯವಿಲ್ಲ. ಇದು ಊರಿಂದ ಊರಿಗೆ ಬದಲಾಗುವ ಅಂದಾಜು. ಹೊಸ ನೂರು ಸಿಸಿ ಬೈಕ್ ರಸ್ತೆಗೆ ಬರುವಾಗ ಲಕ್ಷದ ಆಸುಪಾಸು ಆಗುವ ಈ ಕಾಲದಲ್ಲಿ, ಕಾಲೇಜಿಗೆ ಹೋಗುವ ಮಗನಿಗೋ ತೋಟಕ್ಕೆ ಹೋಗಿಬರಲಿಕ್ಕೋ ಗಾಡಿ ಬೇಕಾದವರಿಗೆ ಇದು ನಿಜಕ್ಕೂ ಉಳಿತಾಯ. ದಿನಾ ಐವತ್ತು ಕಿಲೋಮೀಟರ್ ಕೆಲಸಕ್ಕೆ ಹೋಗುವವರಿಗೆ ಮಾತ್ರ ಬೇಡ. ನಿಂತ ಗಾಡಿಯ ತೊಂದರೆಗಳು ಒಂದೇ ಸಲ ಬರುವುದಿಲ್ಲ, ಒಂದೊಂದಾಗಿ ಬರುತ್ತವೆ. ಈ ತಿಂಗಳು ಕಾಯಿಲ್, ಮುಂದಿನ ತಿಂಗಳು ಕ್ಲಚ್ ಪ್ಲೇಟ್, ಅದರ ಮುಂದೆ ಇಲಿ ಕಡಿದ ಯಾವುದೋ ವೈರ್.

ದಾರಿ ಮೂರು: ಪೂರ್ತಿ ರಿಸ್ಟೋರೇಶನ್

ಬೋಲ್ಟ್ ಬೋಲ್ಟ್ ಬಿಚ್ಚಿ, ಚಾಸಿಸ್ ಉಜ್ಜಿಸಿ, ಪೌಡರ್ ಕೋಟಿಂಗ್, ಕ್ರೋಮ್, ಚಕ್ರಕ್ಕೆ ಹೊಸ ಕಡ್ಡಿ, ಹೊಸ ವೈರಿಂಗ್, ಮೂಲ ಬಣ್ಣ. ಫೋಟೋದಲ್ಲಿ ನೋಡಲು ಬಹಳ ಚೆಂದ. ಖರ್ಚು ಲಕ್ಷ ದಾಟುವುದು ಮಾಮೂಲು. ಮಾರಿದರೆ ಅಷ್ಟು ವಾಪಸ್ ಬರುವುದು ಅಪರೂಪ. ದುಡ್ಡಿನ ಲೆಕ್ಕಕ್ಕೆ ಇದು ನಷ್ಟದ ದಾರಿ ಅಂತ ಒಪ್ಪಿಕೊಂಡು ಇಳಿಯುವವರು ಮಾತ್ರ ಇಳಿಯಬೇಕು.

ಯಾವುದಕ್ಕೆ ತಕ್ಕದ್ದು? ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗಳಿಗೆ ಸಲ್ಲುತ್ತದೆ. 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ತಯಾರಾಗಿ, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ಕರ್ರೇ ಮಡಚಿ ಗೇರ್ ಪೆಡಲ್ ಆಗುವ, ಎರಡು ಸೈಲೆನ್ಸರಿನ ಆ ಗಾಡಿ ಇನ್ನು ಬರುವುದಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವು ನಿಜ, ಆದರೆ ಅವು ಫೋರ್ ಸ್ಟ್ರೋಕ್, ಬೇರೆಯದೇ ಗಾಡಿ. ಸ್ಪ್ಲೆಂಡರ್‌ಗೆ ಪೂರ್ತಿ ರಿಸ್ಟೋರೇಶನ್ ಮಾಡಿಸಬಾರದು ಅಂತಲ್ಲ. ಅಪ್ಪ ಹಾಲು ಹಾಕುತ್ತಿದ್ದ ಗಾಡಿ ಅದೇ ಆಗಿದ್ದರೆ ಮಾಡಿಸಿ. ಪಕ್ಕದ ಮನೆಯವರಿಗೆ ಅರ್ಥ ಆಗುವುದಿಲ್ಲ ಅಷ್ಟೇ.

ಇಳಿಯುವವರಿಗೆ ಎರಡು ಎಚ್ಚರಿಕೆ. ತುಕ್ಕು ತೆಗೆಯಲು ಮರಳು ಹೊಡೆಸುವಾಗ ಚಾಸಿಸ್ ನಂಬರ್ ಮೇಲೆ ದಪ್ಪ ಟೇಪ್ ಸುತ್ತಿರಿ. ಪೌಡರ್ ಕೋಟಿಂಗ್ ಆ ಅಂಕಿಗಳನ್ನು ಹೂತುಹಾಕುವುದೂ ಉಂಟು. ಮೂಲ ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮ್ ಅರ್ಧಕ್ಕರ್ಧ ಉಳಿದಿದ್ದರೆ ಕೈ ಹಾಕುವ ಮೊದಲು ಮತ್ತೆ ಯೋಚಿಸಿ. ಹೊಸ ಬಣ್ಣ ಯಾವತ್ತಾದರೂ ಹೊಡೆಸಬಹುದು, ಹಳೆಯದನ್ನು ಮತ್ತೆ ತರಲಾಗದು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿಗೆ ಅವಕಾಶವಿದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಗಾಡಿ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1960ರ ದಶಕದ ಜಾವಾಗೆ ಡಿಸ್ಕ್ ಬ್ರೇಕ್, ಅಲಾಯ್ ವೀಲ್ ಹಾಕಿಸುವ ಆಸೆ ಇದ್ದರೆ ಈ ಬಾಗಿಲು ಮುಚ್ಚುತ್ತದೆ ಅಂತ ನೆನಪಿರಲಿ.

ಸಮಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರೋಮ್‌ನವನು, ಪೇಂಟರ್, ಲೇತ್‌ನವನು, ಸೀಟಿನವನು ನಾಲ್ವರೂ "ಮುಂದಿನ ವಾರ" ಅನ್ನುತ್ತಾರೆ. ನಾಲ್ವರ ಮುಂದಿನ ವಾರ ಸೇರಿದರೆ ವರ್ಷ.

ದಾರಿ ನಾಲ್ಕು: ಮಾರುವುದು, ಇಲ್ಲ ಗುಜರಿ

ಇದರಲ್ಲಿ ನಾಚಿಕೆ ಏನೂ ಇಲ್ಲ. ಕಾಗದ ಸರಿ ಇರುವ ಆರ್‌ಎಕ್ಸ್ 100, ಯೆಜ್ಡಿ, ಹಳೆ ಬುಲೆಟ್ ಆದರೆ ಇದ್ದ ಹಾಗೇ ಮಾರುವುದು ಒಳ್ಳೆಯದು. ರಿಪೇರಿ ಮಾಡಿಸಿ ಮಾರಿದರೆ ಜಾಸ್ತಿ ಬರುತ್ತದೆ ಅನ್ನಿಸುತ್ತದೆ. ಆದರೆ ಇಂಥ ಗಾಡಿ ಕೊಳ್ಳುವವರಿಗೆ ಬಿಚ್ಚದ, ಬಣ್ಣ ಬಳಿಯದ ಗಾಡಿಯ ಮೇಲೆ ನಂಬಿಕೆ ಜಾಸ್ತಿ. ಮಣ್ಣು ತೊಳೆದು, ಇಂಜಿನ್ ಕೈಯಲ್ಲಿ ತಿರುಗುವಂತೆ ಮಾಡಿದರೆ ಸಾಕು. "ಇಂಜಿನ್ ಜಾಮ್ ಅಲ್ಲ" ಅನ್ನುವ ಒಂದೇ ಮಾತಿಗೆ ಸಿಗುವ ಬೆಲೆ ಹೊಸ ಬಣ್ಣಕ್ಕೆ ಸಿಗುವುದಿಲ್ಲ.

ಗೇಟಿನ ಹತ್ತಿರ ಕೇಳಿದವನಿಗೆ ದುಡ್ಡು ತಗೊಂಡು ಕೀ ಕೊಟ್ಟು ಕಳಿಸಬೇಡಿ. ಫಾರಂ 29, 30 ತುಂಬಿ, ಹೆಸರು ಬದಲಾದದ್ದು ಕಣ್ಣಾರೆ ನೋಡಿ. ಅವನು ಎಲ್ಲೋ ಅಪಘಾತ ಮಾಡಿದರೆ ನೋಟಿಸ್ ಬರುವುದು ದಾಖಲೆಯಲ್ಲಿ ಹೆಸರಿದ್ದವರ ಮನೆಗೆ. ಗುಜರಿಗೂ ಇದೇ ಮಾತು. ತೂಕದ ಲೆಕ್ಕದಲ್ಲಿ ನೂರು ಕೆಜಿ ಚಿಲ್ಲರೆ ಬೈಕಿಗೆ ಕೆಲವು ಸಾವಿರ ಸಿಗುತ್ತದೆ, ಆದರೆ ಆರ್‌ಸಿ ಜೀವಂತವಾಗಿರುತ್ತದೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಪ್ರಮಾಣಪತ್ರ ಕೊಡುತ್ತಾರೆ, ನೋಂದಣಿ ರದ್ದು ಮಾಡಿಸಲು ಅದು ಬೇಕು. ಕಾಗದವೇ ಇಲ್ಲದ, ಇಂಜಿನ್‌ಗೆ ನೀರು ಸೇರಿದ, ಚಾಸಿಸ್ ಕೊಳೆತ ಸಾಮಾನ್ಯ ಬೈಕಿಗೆ ಇದೇ ಸರಿಯಾದ ದಾರಿ. ಚಾಸಿಸ್ ಕೊಳೆತಿದೆಯಾ ಅಂತ ನೋಡಲು ಸೆಂಟರ್ ಸ್ಟ್ಯಾಂಡ್ ಕೂಡುವ ಜಾಗ, ಸ್ವಿಂಗ್ ಆರ್ಮ್ ಕೂಡುವ ಜಾಗದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಅನ್ನುವ ಬದಲು ಮಂಕಾಗಿ ಸದ್ದು ಬಂದು ಪದರ ಉದುರಿದರೆ ವೆಲ್ಡಿಂಗ್ ಮಾಡಿಸಿ ಮಕ್ಕಳ ಕೈಗೆ ಕೊಡುವ ಯೋಚನೆ ಬಿಡಿ.

ದಾರಿ ಐದು: ಈಗ ಬೇಡ, ಆದರೆ ಕೆಡದ ಹಾಗೆ ಇಡುವುದು

ಇದನ್ನು ಯಾರೂ ದಾರಿ ಅಂತ ಎಣಿಸುವುದಿಲ್ಲ. ದುಡ್ಡಿಲ್ಲ, ಮಾರಲು ಮನಸ್ಸಿಲ್ಲ, ಅಣ್ಣ ಬಂದಮೇಲೆ ನೋಡೋಣ ಅನ್ನುವ ಮನೆಗಳೇ ಹೆಚ್ಚು, ಅಲ್ವಾ? ಹಾಗಿದ್ದರೆ ಕೆಲವು ನೂರು ರೂಪಾಯಿಯ ಕೆಲಸ ಇದೆ. ಪೆಟ್ರೋಲ್ ಪೂರ್ತಿ ಇಳಿಸಿ. ಟ್ಯಾಂಕ್ ಒಳಗೆ ಆಯಿಲ್ ಸವರಿ. ಪ್ಲಗ್ ತೂತಿಗೆ ಆಯಿಲ್ ಬಿಟ್ಟು ಇಂಜಿನ್ ಕೈಯಲ್ಲಿ ತಿರುಗಿಸಿ ಪ್ಲಗ್ ವಾಪಸ್ ಹಾಕಿ. ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಬಾಯಿಗೆ ಎಣ್ಣೆಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ಬ್ಯಾಟರಿ ಬಿಚ್ಚಿಡಿ. ಹಲಗೆ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಸಾಧ್ಯವಾದರೆ ಎರಡೂ ಚಕ್ರ ನೆಲ ಬಿಟ್ಟಿರಲಿ. ಚೈನಿಗೂ ಚಾಸಿಸ್ ನಂಬರಿಗೂ ಗ್ರೀಸ್. ಮೇಲೆ ತಗಡಿನ ಸೂರು, ಹೊದಿಸಲು ಹತ್ತಿ ಬಟ್ಟೆ. ತಿಂಗಳಿಗೊಮ್ಮೆ ಚಕ್ರದಿಂದ ಇಂಜಿನ್ ತಿರುಗಿಸಿ. ಇಷ್ಟು ಮಾಡಿದರೆ ಎರಡು ವರ್ಷದ ನಂತರವೂ ಮೇಲಿನ ನಾಲ್ಕು ದಾರಿ ತೆರೆದಿರುತ್ತವೆ. ನೋಂದಣಿ ಅವಧಿ ಮುಗಿಯುವ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ.

ಯಾವ ಬೈಕಿಗೆ ಯಾವ ದಾರಿ

ಸ್ಪ್ಲೆಂಡರ್, ಪ್ಯಾಶನ್ ತರಹದವಕ್ಕೆ ಸಾಮಾನು ತಾಲ್ಲೂಕಿನಲ್ಲೇ ಸಿಗುತ್ತದೆ. ಒಂದು ಅಥವಾ ಎರಡನೇ ದಾರಿ. ಖರ್ಚು ಗಾಡಿಯ ಈಗಿನ ಮಾರುಕಟ್ಟೆ ಬೆಲೆ ದಾಟುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ.

ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ. ಈಗ ಅದರ ಬೆಲೆ ಏರಿದೆ, ಜೊತೆಗೆ ನಕಲಿ ಸಾಮಾನೂ ಏರಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ ಡಬ್ಬಿಯ ಹಾಗೇ ಕಾಣುವ ಡಬ್ಬಿ ಸಿಕ್ಕಿತು ಅಂದರೆ ಒಳಗಿನದ್ದೂ ಒರಿಜಿನಲ್ ಅಂತಲ್ಲ. ನಿಮ್ಮ ಗಾಡಿಯ ಹಳೆ ಕಾರ್ಬೊರೇಟರ್, ಹಳೆ ಸೈಲೆನ್ಸರ್ ಎಷ್ಟೇ ಕೊಳಕಾಗಿದ್ದರೂ ಎಸೆಯಬೇಡಿ, ಬದಲಾಯಿಸಲು ಬಿಡಬೇಡಿ. ಇಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗುವ ಗಾಡಿಯಾದರೆ ಎರಡನೇ ದಾರಿ, ಇಲ್ಲ ಇದ್ದಂತೆ ಮಾರಾಟ.

ಯೆಜ್ಡಿಗೆ ರಬ್ಬರ್, ಕೇಬಲ್, ಪಿಸ್ಟನ್‌ನಂಥ ಸವೆಯುವ ಸಾಮಾನು ಹೊಸದಾಗಿ ಮಾಡಿದ್ದು ಸಿಗುತ್ತದೆ. ಇಂಜಿನ್ನಿನ ಹೊರಕವಚದಂಥ ಎರಕದ ಸಾಮಾನು ಒಡೆದಿದ್ದರೆ ಗುಜರಿ ಅಂಗಡಿ ಸುತ್ತಬೇಕು. ಅದಕ್ಕೇ ಕೇಸಿಂಗ್ ಸ್ಕ್ರೂ ಬಿಚ್ಚುವಾಗ ಸುತ್ತಿಗೆ ತೆಗೆಯುವ ಮೆಕ್ಯಾನಿಕ್‌ಗೆ ಈ ಗಾಡಿ ಕೊಡಬೇಡಿ.

ಕೊರೋನಾ ಕಾಲದಲ್ಲಿ ನಿಲ್ಲಿಸಿ ಹಾಗೇ ಉಳಿದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲ, ಟ್ಯಾಂಕಿನೊಳಗೆ ಪಂಪ್ ಇದೆ, ಇಂಜೆಕ್ಟರ್ ಇದೆ. ಹಳೆ ಪೆಟ್ರೋಲಿನ ಅಂಟು ಪಂಪನ್ನೇ ಹಿಡಿದುಬಿಡುತ್ತದೆ. ಕೀ ತಿರುಗಿಸಿದಾಗ ಎರಡು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರದಿದ್ದರೆ ಅನುಮಾನ ಅಲ್ಲೇ. ಮೊದಲು ಒಳ್ಳೆ ಬ್ಯಾಟರಿ, ಆಮೇಲೆ ಟ್ಯಾಂಕ್ ಖಾಲಿ ಮಾಡಿ ಸ್ವಚ್ಛ, ಆಮೇಲೆ ಸ್ಕ್ಯಾನರ್ ಇರುವ ಕಂಪನಿ ಸರ್ವಿಸ್. ಇಲ್ಲಿ ಗಲ್ಲಿ ಮೇಸ್ತ್ರಿಗಿಂತ ಶೋರೂಮೇ ವಾಸಿ. ಗಾಡಿ ಹೊಸದು, ಕಾಗದ ಚಾಲ್ತಿಯಲ್ಲಿದೆ. ಹಾಗಾಗಿ ಪಂಪ್ ಬದಲಾಯಿಸುವ ಖರ್ಚು ಬಂದರೂ ಇದನ್ನು ಬಿಡಬೇಡಿ.

ಯಾವ ದಾರಿಯಲ್ಲಾದರೂ ಇಂಜಿನ್ ಸ್ಟಾರ್ಟ್ ಆದ ದಿನವೇ ಹೈವೇಗೆ ಹೋಗುವುದು ಬೇಡ. ಇನ್ಶೂರೆನ್ಸ್, ಹೊಗೆ ತಪಾಸಣೆ ಆಗದೆ ರಸ್ತೆಗೆ ಇಳಿಸುವಂತೆಯೂ ಇಲ್ಲ. ಆರ್‌ಟಿಒಗೆ ತೋರಿಸಲು ಟೆಂಪೋದಲ್ಲಿ ಹಾಕಿಕೊಂಡು ಹೋಗಿ. ಕಾಗದ ಆದ ಮೇಲೆ ಮನೆ ಸುತ್ತಮುತ್ತ ಓಡಿಸಿ, ಪ್ರತಿ ಸಲ ಬಂದಮೇಲೆ ನೆಲ ನೋಡಿ: ಆಯಿಲ್ ಚುಕ್ಕೆ ಎಲ್ಲಿ ಬಿದ್ದಿದೆ? ಚಕ್ರದ ಹಬ್ ಮುಟ್ಟಿ ನೋಡಿ: ಬ್ರೇಕ್ ಹಿಡಿಯದಿದ್ದರೂ ಬಿಸಿಯಾಗಿದ್ದರೆ ಶೂ ಉಜ್ಜುತ್ತಿದೆ. ನೂರು ಕಿಲೋಮೀಟರ್ ಆದಾಗ ಹೊಸ ಆಯಿಲನ್ನು ಇನ್ನೊಮ್ಮೆ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ಹಿಡಿದು ಬಿಸಿಲಿಗೆ ನೋಡಿ. ಮೊದಲ ಸಲ ಒಂಚೂರು ಮಿಂಚು ಇದ್ದೇ ಇರುತ್ತದೆ. ಬೆರಳಲ್ಲಿ ಉಜ್ಜಿದಾಗ ಚೂರು ಚುಚ್ಚಿದರೆ ಗಾಡಿ ನಿಲ್ಲಿಸಿ, ಮೇಸ್ತ್ರಿಗೆ ಫೋನ್ ಮಾಡಿ.